ಹ್ಯಾಟ್ರಿಕ್: ಆಟಗಾರನ ಸ್ಕಿಲ್ ಓದುವುದು ಹೇಗೆ, ಬೆಳೆಸುವುದು ಹೇಗೆ

ಹ್ಯಾಟ್ರಿಕ್ ಎಂಬ ಆನ್‌ಲೈನ್ ಫುಟ್‌ಬಾಲ್ ಮ್ಯಾನೇಜರ್ ಆಟದಲ್ಲಿ ಚೆಂಡು ಒದೆಯುವುದು ನಮ್ಮ ಕೆಲಸವಲ್ಲ. ಆಟಗಾರರನ್ನು ಕೊಳ್ಳುವುದು, ಟ್ರೈನಿಂಗ್ ಕೊಡುವುದು, ಹನ್ನೊಂದು ಜನರನ್ನು ಆರಿಸಿ ಎಲ್ಲಿ ನಿಲ್ಲಬೇಕು ಎಂದು ಹೇಳುವುದು, ಇಷ್ಟೇ. ಉಳಿದದ್ದನ್ನು ಮ್ಯಾಚ್ ಎಂಜಿನ್, ಅಂದರೆ ಪಂದ್ಯದ ಲೆಕ್ಕ ಹಾಕುವ ಪ್ರೋಗ್ರಾಂ, ನೋಡಿಕೊಳ್ಳುತ್ತದೆ. 1997ರಲ್ಲಿ ಸ್ವೀಡನ್‌ನಲ್ಲಿ ಶುರುವಾದ ಈ ಆಟ ಈಗಲೂ ನಿಧಾನವಾಗಿಯೇ ನಡೆಯುತ್ತದೆ. ವಾರಕ್ಕೊಂದು ಲೀಗ್ ಪಂದ್ಯ, ವಾರದ ಮಧ್ಯೆ ಒಂದು ಕಪ್ ಪಂದ್ಯ ಅಥವಾ ಫ್ರೆಂಡ್ಲಿ. ಒಂದು ಸೀಸನ್ ಅಂದರೆ 16 ವಾರ. ಹಾಗಾಗಿ ಇವತ್ತು ತಪ್ಪು ಆಟಗಾರನನ್ನು ಕೊಂಡರೆ ಅದರ ಬಿಸಿ ತಟ್ಟುವುದು ತಿಂಗಳುಗಳ ನಂತರ.

ಹೊಸಬರು ಸಾಮಾನ್ಯವಾಗಿ ಆಟಗಾರನ ಪುಟ ತೆರೆದು "ಇವನು ಒಳ್ಳೆಯವನೋ, ಕೆಟ್ಟವನೋ" ಎಂದು ನೋಡುತ್ತಾರೆ. ಈ ಆಟದಲ್ಲಿ ಆ ಪ್ರಶ್ನೆಗೆ ಉತ್ತರವೇ ಇಲ್ಲ. ಯಾವ ಜಾಗದಲ್ಲಿ ಆಡಿಸುತ್ತೀರಿ ಎಂದು ಮೊದಲು ಹೇಳಬೇಕು. ಆಮೇಲೆ ಬೇಕಾದರೆ ಒಳ್ಳೆಯವನೋ ಅಲ್ಲವೋ ಹೇಳಬಹುದು.

ಮೊದಲು ಅಳತೆ ಗೊತ್ತಿರಲಿ

ಮೈದಾನದ ಸ್ಕಿಲ್‌ಗಳು ಏಳು: ಗೋಲ್‌ಕೀಪಿಂಗ್, ಡಿಫೆಂಡಿಂಗ್, ಪ್ಲೇಮೇಕಿಂಗ್ (ಆಟ ಕಟ್ಟುವುದು), ವಿಂಗರ್ (ಅಂಚಿನಿಂದ ದಾಳಿ ಮಾಡುವುದು), ಪಾಸಿಂಗ್, ಸ್ಕೋರಿಂಗ್ ಮತ್ತು ಸೆಟ್ ಪೀಸಸ್ (ಫ್ರೀ ಕಿಕ್, ಪೆನಾಲ್ಟಿ ಇತ್ಯಾದಿ). ಇವುಗಳ ಮಟ್ಟಕ್ಕೆ ಅಂಕಿ ಜೊತೆ ಹೆಸರೂ ಇದೆ. 5 ಅಂದರೆ ಇನ್‌ಅಡಿಕ್ವೇಟ್, 6 ಪಾಸಬಲ್, 7 ಸಾಲಿಡ್, 8 ಎಕ್ಸಲೆಂಟ್, 9 ಫಾರ್ಮಿಡಬಲ್, 10 ಔಟ್‌ಸ್ಟ್ಯಾಂಡಿಂಗ್. ಹೀಗೆ ಮೇಲೇರುತ್ತಾ 15ಕ್ಕೆ ಟೈಟಾನಿಕ್, 20ಕ್ಕೆ ಡಿವೈನ್.

ಹೆಸರು ನೋಡಿ ಮರುಳಾಗಬೇಡಿ. ಎಕ್ಸಲೆಂಟ್ ಎಂದು ಬರೆದಿದ್ದರೂ ಅದು ಇಪ್ಪತ್ತರಲ್ಲಿ ಎಂಟು ಅಷ್ಟೇ. ಆದರೆ ಫಾರ್ಮ್‌ನ (ಆಟಗಾರ ಸದ್ಯ ಎಷ್ಟು ಲಯದಲ್ಲಿದ್ದಾನೆ ಎಂಬುದರ) ಅಳತೆ ಎಂಟಕ್ಕೇ ಮುಗಿಯುತ್ತದೆ. ಅಲ್ಲಿ ಎಕ್ಸಲೆಂಟ್ ಎಂದರೆ ಅದಕ್ಕಿಂತ ಮೇಲೆ ಏನೂ ಇಲ್ಲ. ಆದ್ದರಿಂದ ಸೆಟ್ಟಿಂಗ್‌ನಲ್ಲಿ ಅಂಕಿ ಕಾಣುವ ಹಾಗೆ ಮಾಡಿಕೊಂಡು, ಅಂಕಿಯನ್ನೇ ಓದುವ ಅಭ್ಯಾಸ ಮಾಡಿಕೊಳ್ಳುವುದು ವಾಸಿ.

ಕಾಣುವ ಅಂಕಿಯ ಹಿಂದೆ ಕಾಣದ ಒಂದು ಪಾಲು ಇದೆ. ಪ್ಲೇಮೇಕಿಂಗ್ 7 ಎಂದು ತೋರಿಸಿದರೆ ಅದು ಈಗತಾನೇ ಏಳಕ್ಕೆ ಬಂದಿರಬಹುದು, ಅಥವಾ ಇನ್ನೊಂದೇ ವಾರದಲ್ಲಿ ಎಂಟಾಗುವ ಹಾಗೂ ಇರಬಹುದು. ಇದನ್ನು ಆಡುವವರು ಸಬ್‌ಲೆವೆಲ್ ಎನ್ನುತ್ತಾರೆ. ಆಟ ಇದನ್ನು ನೇರವಾಗಿ ತೋರಿಸುವುದಿಲ್ಲ. ಅಂದಾಜು ಮಾಡಲು ಟಿಎಸ್‌ಐ ಎಂಬ ಒಟ್ಟು ಅಂಕ ನೋಡಬೇಕು. ಒಂದೇ ವಯಸ್ಸು, ಒಂದೇ ಫಾರ್ಮ್, ಕಾಣುವ ಸ್ಕಿಲ್‌ಗಳೂ ಒಂದೇ. ಹಾಗಿದ್ದೂ ಒಬ್ಬನ ಟಿಎಸ್‌ಐ ಜಾಸ್ತಿ ಇದ್ದರೆ ಅವನ ಯಾವುದೋ ಸ್ಕಿಲ್ ಮುಂದಿನ ಮಟ್ಟದ ಹೊಸ್ತಿಲಲ್ಲಿದೆ ಎಂದರ್ಥ. ಆದರೆ ಫಾರ್ಮ್ ಬೇರೆ ಬೇರೆ ಇದ್ದಾಗ ಈ ಹೋಲಿಕೆ ಮಾಡಲು ಹೋಗಬೇಡಿ. ಫಾರ್ಮ್ ಏರಿದರೆ ಟಿಎಸ್‌ಐ ಕೂಡ ಏರುತ್ತದೆ. ಫಾರ್ಮ್ ಚೆನ್ನಾಗಿದ್ದ ವಾರ ಮಾರಾಟಕ್ಕಿಟ್ಟು ದೊಡ್ಡ ಟಿಎಸ್‌ಐ ತೋರಿಸುವ ಮಾರಾಟಗಾರರಿಗೇನೂ ಕಮ್ಮಿ ಇಲ್ಲ.

ಯಾವ ಜಾಗಕ್ಕೆ ಯಾವ ಸ್ಕಿಲ್

ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ವಿಷಯ ಇದು.

ಮ್ಯಾಚ್ ಎಂಜಿನ್ ತಂಡವನ್ನು ಏಳು ಭಾಗ ಮಾಡಿ ನೋಡುತ್ತದೆ: ಮಿಡ್‌ಫೀಲ್ಡ್, ಮೂರು ಡಿಫೆನ್ಸ್ (ಎಡ, ನಡು, ಬಲ), ಮೂರು ಅಟ್ಯಾಕ್ (ಎಡ, ನಡು, ಬಲ). ಎರಡೂ ತಂಡಗಳ ಮಿಡ್‌ಫೀಲ್ಡ್ ಹೋಲಿಸಿ, ಗೋಲಿನ ಅವಕಾಶ ಯಾರಿಗೆ ಹೆಚ್ಚು ಬರಬೇಕು ಎಂದು ತೀರ್ಮಾನವಾಗುತ್ತದೆ. ಅವಕಾಶ ಬಂದ ಮೇಲೆ ಆ ಕಡೆಯ ಅಟ್ಯಾಕ್ ಮತ್ತು ಅದಕ್ಕೆ ಎದುರಾಗಿ ನಿಂತ ಎದುರಾಳಿಯ ಡಿಫೆನ್ಸ್ ನಡುವೆ ಪೈಪೋಟಿ. ನಿಮ್ಮ ಎಡಗಡೆ ಅಟ್ಯಾಕ್ ಹೋಗಿ ಬಡಿಯುವುದು ಅವರ ಬಲಗಡೆ ಡಿಫೆನ್ಸ್‌ಗೆ ಎಂಬುದು ನೆನಪಿರಲಿ.

ಈಗ ಜಾಗಗಳನ್ನು ನೋಡೋಣ.

ಕೀಪರ್‌ಗೆ ಗೋಲ್‌ಕೀಪಿಂಗ್ ಬೇಕು ಎಂದು ಯಾರೂ ಹೇಳಬೇಕಾಗಿಲ್ಲ. ಅವನ ಡಿಫೆಂಡಿಂಗ್ ಕೂಡ ಸ್ವಲ್ಪ ಲೆಕ್ಕಕ್ಕೆ ಬರುತ್ತದೆ. ಎದುರಾಳಿಯ ಫ್ರೀ ಕಿಕ್, ಪೆನಾಲ್ಟಿ ತಡೆಯುವಾಗ ಅವನ ಸೆಟ್ ಪೀಸಸ್ ಸಹಾಯಕ್ಕೆ ಬರುತ್ತದೆ. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ.

ಸೆಂಟ್ರಲ್ ಡಿಫೆಂಡರ್‌ಗೆ ಡಿಫೆಂಡಿಂಗ್ ಮುಖ್ಯ. ಅವನ ಪ್ಲೇಮೇಕಿಂಗ್ ಮಿಡ್‌ಫೀಲ್ಡ್‌ಗೆ ಸಣ್ಣ ಪಾಲು ಕೊಡುತ್ತದೆ. ವಿಂಗ್ ಬ್ಯಾಕ್‌ಗೆ (ಅಂಚಿನ ಡಿಫೆಂಡರ್) ಡಿಫೆಂಡಿಂಗ್ ಜೊತೆ ವಿಂಗರ್ ಸ್ಕಿಲ್ ಇದ್ದರೆ ಅವನ ಕಡೆಯ ಅಟ್ಯಾಕ್‌ಗೂ ಬಲ ಬರುತ್ತದೆ.

ಇನ್ನರ್ ಮಿಡ್‌ಫೀಲ್ಡರ್ (ಮೈದಾನದ ನಡುವೆ ಆಡುವವನು) ತಂಡದ ಎಂಜಿನ್. ಅವನ ಪ್ಲೇಮೇಕಿಂಗ್ ನೇರವಾಗಿ ಮಿಡ್‌ಫೀಲ್ಡ್‌ಗೆ ಹೋಗುತ್ತದೆ. ಪಾಸಿಂಗ್ ನಡು ಅಟ್ಯಾಕ್‌ಗೆ, ಡಿಫೆಂಡಿಂಗ್ ನಡು ಡಿಫೆನ್ಸ್‌ಗೆ ಹೋಗುತ್ತದೆ. ವಿಂಗರ್ ಜಾಗದಲ್ಲಿ ನಿಂತವನ ವಿಂಗರ್ ಸ್ಕಿಲ್ ಪಕ್ಕದ ಅಟ್ಯಾಕ್‌ಗೆ, ಪ್ಲೇಮೇಕಿಂಗ್‌ನ ಒಂದು ಪಾಲು ಮಿಡ್‌ಫೀಲ್ಡ್‌ಗೆ. ಫಾರ್ವರ್ಡ್‌ಗೆ ಸ್ಕೋರಿಂಗ್ ಮೊದಲು, ಪಾಸಿಂಗ್ ನಂತರ.

ಒಂದು ಉದಾಹರಣೆ ನೋಡಿ. ಇಬ್ಬರು ಇನ್ನರ್ ಮಿಡ್‌ಫೀಲ್ಡರ್‌ಗಳು ಮಾರಾಟಕ್ಕಿದ್ದಾರೆ ಎಂದುಕೊಳ್ಳಿ. ಒಬ್ಬನ ಪ್ಲೇಮೇಕಿಂಗ್ 10, ಉಳಿದದ್ದೆಲ್ಲ 2, 3. ಇನ್ನೊಬ್ಬನ ಪ್ಲೇಮೇಕಿಂಗ್ 9, ಪಾಸಿಂಗ್ 7, ಡಿಫೆಂಡಿಂಗ್ 6. ಪಟ್ಟಿಯಲ್ಲಿ ಮೊದಲನೆಯವನು ಮೇಲೆ ಕಾಣುತ್ತಾನೆ. ಮೈದಾನದಲ್ಲಿ ಎರಡನೆಯವನು ಮಿಡ್‌ಫೀಲ್ಡ್‌ನಲ್ಲಿ ಒಂದು ಮಟ್ಟ ಕಳೆದುಕೊಂಡರೂ ನಡು ಅಟ್ಯಾಕ್ ಮತ್ತು ನಡು ಡಿಫೆನ್ಸ್ ಎರಡಕ್ಕೂ ಕೊಡುತ್ತಾನೆ. ನನ್ನನ್ನು ಕೇಳಿದರೆ ಎರಡನೆಯವನಿಗೇ ಓಟು. ಆದರೆ ಅವನ ಸಂಬಳ ಎಷ್ಟು ಎಂದು ಮೊದಲು ನೋಡಿ. ವಾರವಾರವೂ ಕೊಡಬೇಕಾದ ದುಡ್ಡು ಅದು.

ಜಾಗದ ಜೊತೆಗೆ ಆರ್ಡರ್, ಅಂದರೆ ಅಲ್ಲಿ ಹೇಗೆ ಆಡಬೇಕು ಎಂಬ ಸೂಚನೆ, ಕೂಡ ಲೆಕ್ಕ ಬದಲಿಸುತ್ತದೆ. ಅಫೆನ್ಸಿವ್, ಡಿಫೆನ್ಸಿವ್, ವಿಂಗ್ ಕಡೆಗೆ, ನಡುವಿನ ಕಡೆಗೆ ಎಂಬ ಆಯ್ಕೆಗಳಿವೆ. ಇವುಗಳಲ್ಲಿ ನನಗೆ ತುಂಬಾ ಇಷ್ಟ ಡಿಫೆನ್ಸಿವ್ ಫಾರ್ವರ್ಡ್. ಅವನಿಂದ ಸ್ಕೋರಿಂಗ್ ಕಡಿಮೆ ತೆಗೆದುಕೊಂಡು ಪಾಸಿಂಗ್, ಪ್ಲೇಮೇಕಿಂಗ್ ಹೆಚ್ಚು ತೆಗೆದುಕೊಳ್ಳುತ್ತದೆ ಎಂಜಿನ್. ಪ್ಲೇಮೇಕಿಂಗ್ ಮತ್ತು ಪಾಸಿಂಗ್ ಎರಡೂ ಇರುವ, ಆದರೆ ಗೋಲು ಹೊಡೆಯಲು ಬಾರದ ಹುಡುಗನಿಗೆ ಇದು ಹೇಳಿ ಮಾಡಿಸಿದ ಜಾಗ. ಅವನಿಗೆ ಟೆಕ್ನಿಕಲ್ ಎಂಬ ಸ್ಪೆಷಾಲಿಟಿ (ಮುಂದೆ ಹೇಳುತ್ತೇನೆ) ಇದ್ದರಂತೂ ಪಕ್ಕದ ಅಟ್ಯಾಕ್‌ಗಳಿಗೆ ಅವನ ಪಾಸಿಂಗ್‌ನಿಂದ ಇನ್ನೂ ಸ್ವಲ್ಪ ಹೆಚ್ಚು ಸಿಗುತ್ತದೆ.

ಮೂರನೆಯವನನ್ನು ಸುಮ್ನೆ ನಿಲ್ಲಿಸಬೇಡಿ

ಒಂದೇ ಜಾಗದಲ್ಲಿ ಜನ ಹೆಚ್ಚಾದಂತೆ ಒಬ್ಬೊಬ್ಬರ ಕೊಡುಗೆ ಕಡಿಮೆಯಾಗುತ್ತದೆ. ಇನ್ನರ್ ಮಿಡ್‌ಫೀಲ್ಡರ್ ಇಬ್ಬರಿದ್ದರೆ ತಲಾ ಶೇ. 6.5, ಮೂವರಿದ್ದರೆ ತಲಾ ಶೇ. 17.5 ಕಡಿತ. ಸೆಂಟ್ರಲ್ ಡಿಫೆಂಡರ್ ಮತ್ತು ಫಾರ್ವರ್ಡ್‌ಗಳಿಗೂ ಕಡಿತ ಇದೆ, ಆದರೆ ಇಷ್ಟು ಜೋರಾಗಿಲ್ಲ.

ಲೆಕ್ಕ ಸುಲಭವಾಗಲಿ ಎಂದು ಫಾರ್ಮ್, ಸ್ಟ್ಯಾಮಿನಾ ಬದಿಗಿಡೋಣ. ಪ್ಲೇಮೇಕಿಂಗ್ 10 ಇರುವ ಇಬ್ಬರು ಇದ್ದಾರೆ. ಒಟ್ಟು 20, ಕಡಿತ ಆದ ಮೇಲೆ 18.7. ಮೂರನೆಯವನೂ 10 ಆದರೆ ಒಟ್ಟು 30, ಕಡಿತದ ನಂತರ 24.75. ಆರು ಹೆಚ್ಚಾಯಿತು, ಚೆನ್ನಾಗಿದೆ. ಈಗ ಮೂರನೆಯವನು ಬರೀ 3 ಎಂದುಕೊಳ್ಳಿ. ಒಟ್ಟು 23, ಕಡಿತದ ನಂತರ 18.98. ಒಬ್ಬ ಆಟಗಾರನನ್ನು ಸೇರಿಸಿ ಗಳಿಸಿದ್ದು ಅರ್ಧ ಅಂಕವೂ ಇಲ್ಲ. ಮೂರನೆಯವನು 2 ಆಗಿದ್ದರೆ 18.15, ಅಂದರೆ ಮೊದಲಿಗಿಂತ ಕೆಳಗೆ! ಇಂಥವನನ್ನು ವಿಂಗ್‌ನಲ್ಲಿ ನಿಲ್ಲಿಸುವುದೋ ಡಿಫೆನ್ಸ್‌ಗೆ ಕಳಿಸುವುದೋ ಮೇಲು, ಅಲ್ವಾ?

ಟ್ರೈನಿಂಗ್‌ಗಾಗಿ ಹುಡುಗನನ್ನು ಅಲ್ಲಿ ಆಡಿಸುತ್ತಿದ್ದರೆ ಆ ಮಾತೇ ಬೇರೆ. ಅದಕ್ಕೇ ಈಗ ಬರುತ್ತೇನೆ.

ಟ್ರೈನಿಂಗ್: ಒಂದನ್ನು ಹಿಡಿಯಿರಿ, ಬಿಡಬೇಡಿ

ಇಡೀ ತಂಡಕ್ಕೆ ಒಂದು ಸಲಕ್ಕೆ ಒಂದೇ ಬಗೆಯ ಟ್ರೈನಿಂಗ್. ಆ ವಾರ ಸರಿಯಾದ ಜಾಗದಲ್ಲಿ ಆಡಿದವರಿಗೆ ಮಾತ್ರ ಪೂರ್ತಿ ಲಾಭ. ಪ್ಲೇಮೇಕಿಂಗ್ ಇಟ್ಟರೆ ಇನ್ನರ್ ಮಿಡ್‌ಫೀಲ್ಡರ್‌ಗೆ ಪೂರ್ತಿ, ವಿಂಗರ್‌ಗೆ ಅರ್ಧ. ಡಿಫೆಂಡಿಂಗ್ ಇಟ್ಟರೆ ಡಿಫೆಂಡರ್‌ಗಳಿಗೆಲ್ಲ. ಸ್ಕೋರಿಂಗ್ ಆದರೆ ಫಾರ್ವರ್ಡ್‌ಗಳಿಗೆ. ವಿಂಗರ್ ಟ್ರೈನಿಂಗ್‌ನಲ್ಲಿ ವಿಂಗರ್‌ಗೆ ಪೂರ್ತಿ, ವಿಂಗ್ ಬ್ಯಾಕ್‌ಗೆ ಅರ್ಧ. ಪಾಸಿಂಗ್ ಇನ್ನರ್ ಮಿಡ್‌ಫೀಲ್ಡರ್, ವಿಂಗರ್, ಫಾರ್ವರ್ಡ್ ಮೂವರಿಗೂ. ಕೀಪಿಂಗ್ ಕೀಪರ್‌ಗೆ ಮಾತ್ರ. ಸೆಟ್ ಪೀಸಸ್ ಆಡಿದ ಎಲ್ಲರಿಗೂ ಸಿಗುತ್ತದೆ, ಕೀಪರ್ ಮತ್ತು ಸೆಟ್ ಪೀಸ್ ಹೊಡೆಯುವವನಿಗೆ ಸ್ವಲ್ಪ ಹೆಚ್ಚು.

ವಾರಕ್ಕೆ ಎರಡು ಪಂದ್ಯ ಇರುವುದರಿಂದ ಜಾಗಗಳೂ ಎರಡು ಪಟ್ಟು. ಪ್ಲೇಮೇಕಿಂಗ್ ಆದರೆ ಪಂದ್ಯಕ್ಕೆ ಮೂವರು ಇನ್ನರ್ ಮಿಡ್‌ಫೀಲ್ಡರ್‌ಗಳಂತೆ ಆರು ಜನಕ್ಕೆ ಪೂರ್ತಿ, ಜೊತೆಗೆ ನಾಲ್ಕು ವಿಂಗರ್‌ಗಳಿಗೆ ಅರ್ಧ. ಒಬ್ಬನಿಗೆ ವಾರದಲ್ಲಿ 90 ನಿಮಿಷ ಮಾತ್ರ ಲೆಕ್ಕ. ಒಬ್ಬನನ್ನೇ ಎರಡೂ ಪಂದ್ಯಗಳಲ್ಲಿ ಅದೇ ಜಾಗದಲ್ಲಿ ಆಡಿಸಿದರೆ ಎರಡನೆಯ 90 ನಿಮಿಷ ನೀರಿನಲ್ಲಿ ಹೋಮ ಮಾಡಿದ ಹಾಗೆ. ಲೀಗ್‌ನಲ್ಲಿ 60ನೇ ನಿಮಿಷಕ್ಕೆ ಗಾಯಗೊಂಡು ಹೊರಬಂದವನಿಗೆ ಉಳಿದ 30 ನಿಮಿಷ ಇನ್ನೊಂದು ಪಂದ್ಯದಲ್ಲಿ ಕೊಡಬಹುದು.

ಹಾಗಾದರೆ ಯಾವುದನ್ನು ಆರಿಸುವುದು? ಕೀಪಿಂಗ್ ಬೇಗ ಏರುತ್ತದೆ, ಆದರೆ ವಾರಕ್ಕೆ ಇಬ್ಬರೇ ಕಲಿಯುತ್ತಾರೆ. ಡಿಫೆಂಡಿಂಗ್ ನಿಧಾನ, ಆದರೆ ಪಂದ್ಯಕ್ಕೆ ಐವರಂತೆ ವಾರಕ್ಕೆ ಹತ್ತು ಜನ ಕಲಿಯಬಹುದು. ಪ್ಲೇಮೇಕಿಂಗ್ ಕೂಡ ನಿಧಾನವೇ, ಆದರೆ ಮಿಡ್‌ಫೀಲ್ಡ್ ಯಾವ ತಂಡಕ್ಕೂ ಬೇಕು. ಹೊಸಬರಿಗೆ ನಾನು ಹೇಳುವುದು: ಪ್ಲೇಮೇಕಿಂಗ್ ಅಥವಾ ಡಿಫೆಂಡಿಂಗ್, ಎರಡರಲ್ಲಿ ಒಂದು. ಆಮೇಲೆ ಕೆಲವು ಸೀಸನ್ ಅದನ್ನೇ ಮುಂದುವರಿಸಿ. ಮೂರು ವಾರಕ್ಕೊಮ್ಮೆ ಟ್ರೈನಿಂಗ್ ಬದಲಿಸುವವನ ತಂಡದಲ್ಲಿ ಎಲ್ಲರೂ ಅರ್ಧಂಬರ್ಧ ಕಲಿತವರೇ ಉಳಿಯುತ್ತಾರೆ.

ಎಷ್ಟು ಬೇಗ ಏರುತ್ತದೆ ಎಂಬುದು ನಾಲ್ಕೈದು ವಿಷಯಗಳ ಮೇಲೆ ನಿಂತಿದೆ. ವಯಸ್ಸು ಎಲ್ಲಕ್ಕಿಂತ ದೊಡ್ಡದು. ಹದಿನೇಳರ ಹುಡುಗ ಬೇಗ ಕಲಿಯುತ್ತಾನೆ, ಇಪ್ಪತ್ತೈದರವನು ಅದೇ ಮಟ್ಟಕ್ಕೆ ಹೆಚ್ಚು ವಾರ ತೆಗೆದುಕೊಳ್ಳುತ್ತಾನೆ. ಈ ಆಟದಲ್ಲಿ ಆಟಗಾರನ ಒಂದು ವರ್ಷ ಅಂದರೆ 112 ದಿನ, ಅಂದರೆ ಒಂದು ಸೀಸನ್. 17 ವರ್ಷ 10 ದಿನದವನಿಗೂ 17 ವರ್ಷ 105 ದಿನದವನಿಗೂ ಪಟ್ಟಿಯಲ್ಲಿ ಒಂದೇ ವಯಸ್ಸು ಕಾಣಬಹುದು. ಆದರೆ ಕಲಿಯಲು ಸಿಗುವ ವಾರಗಳಲ್ಲಿ ಹೆಚ್ಚುಕಡಿಮೆ ಒಂದು ಸೀಸನ್‌ನ ವ್ಯತ್ಯಾಸ. ಕೊಳ್ಳುವಾಗ ದಿನಗಳನ್ನೂ ನೋಡಿ.

ಮಟ್ಟ ಏರಿದಂತೆ ಮುಂದಿನ ಮಟ್ಟ ಇನ್ನೂ ದೂರವಾಗುತ್ತದೆ. ಕೋಚ್ ಮತ್ತು ಸಹಾಯಕ ಕೋಚ್‌ಗಳ ಮಟ್ಟ ಹೆಚ್ಚಿದ್ದರೆ ವೇಗ ಹೆಚ್ಚು. ಟ್ರೈನಿಂಗ್ ತೀವ್ರತೆಯನ್ನು ನೂರಕ್ಕೆ ನೂರು ಇಟ್ಟು ಮರೆತುಬಿಡಿ. ಕಡಿಮೆ ಮಾಡಿದರೆ ಸ್ಕಿಲ್ ಅಷ್ಟೇ ಅಲ್ಲ, ಫಾರ್ಮ್ ಕೂಡ ಹಾಳಾಗುತ್ತದೆ. ಇನ್ನು ಸ್ಟ್ಯಾಮಿನಾಗೆ ಎಷ್ಟು ಪಾಲು ಕೊಡುತ್ತೀರೋ ಅಷ್ಟು ಪಾಲು ಮುಖ್ಯ ಟ್ರೈನಿಂಗ್‌ನಿಂದ ಹೋಗುತ್ತದೆ. ಬರೀ ಹುಡುಗರನ್ನು ಬೆಳೆಸಿ ಮಾರುವವರು ಈ ಪಾಲನ್ನು ತೀರಾ ಕಡಿಮೆ ಇಡುತ್ತಾರೆ. ಲೀಗ್ ಗೆಲ್ಲಬೇಕು ಅನ್ನುವವರಿಗೆ ಹಾಗೆ ಮಾಡಲು ಆಗುವುದಿಲ್ಲ.

ಫಾರ್ಮ್, ಸ್ಟ್ಯಾಮಿನಾ, ಎಕ್ಸ್‌ಪೀರಿಯನ್ಸ್

ಸ್ಕಿಲ್ ಎಷ್ಟೇ ಇರಲಿ, ಫಾರ್ಮ್ ಕೆಟ್ಟರೆ ಅದರ ಒಂದು ಭಾಗ ಮಾತ್ರ ಮೈದಾನಕ್ಕೆ ಬರುತ್ತದೆ. ಫಾರ್ಮ್ 3 ಇರುವ 10ರ ಪ್ಲೇಮೇಕರ್‌ಗಿಂತ ಫಾರ್ಮ್ 7 ಇರುವ 9ರವನನ್ನು ಆಡಿಸುವುದು ಒಳ್ಳೆಯದು. ಫಾರ್ಮ್ ವಾರವಾರ ಏರಿಳಿಯುತ್ತದೆ. ಫಾರ್ಮ್ ಕೋಚ್ ಇಟ್ಟುಕೊಂಡರೆ ಇಡೀ ತಂಡಕ್ಕೆ ನಿಧಾನವಾಗಿ ಅನುಕೂಲವಾಗುತ್ತದೆ. ಒಂದು ವಾರದಲ್ಲಿ ಏನೂ ಮಾಡಲು ಆಗುವುದಿಲ್ಲ, ಆದ್ದರಿಂದ ಬೆಂಚಿನಲ್ಲಿ ಬದಲಿ ಇರಲಿ.

ಸ್ಟ್ಯಾಮಿನಾ ಕಡಿಮೆ ಇದ್ದವನು ಪಂದ್ಯ ಮುಂದುವರಿದಂತೆ ಸೊರಗುತ್ತಾನೆ. ಇದರ ಪೆಟ್ಟು ಎಲ್ಲಕ್ಕಿಂತ ಜಾಸ್ತಿ ಕಾಣುವುದು ಮಿಡ್‌ಫೀಲ್ಡ್‌ನಲ್ಲಿ. ಮೊದಲ ಅರ್ಧದಲ್ಲಿ ಮೇಲುಗೈ, ಕೊನೆಯ ಇಪ್ಪತ್ತು ನಿಮಿಷದಲ್ಲಿ ಚೆಂಡೇ ಸಿಗದು, ಇಂಥ ಪಂದ್ಯ ನೋಡಿದರೆ ಮೊದಲು ಸ್ಟ್ಯಾಮಿನಾ ಕಾಲಂ ನೋಡಿ.

ಎಕ್ಸ್‌ಪೀರಿಯನ್ಸ್ ಟ್ರೈನಿಂಗ್‌ನಿಂದ ಬರುವುದಿಲ್ಲ, ಆಡಿಯೇ ಬರಬೇಕು. ಫ್ರೆಂಡ್ಲಿಯಲ್ಲಿ ತೀರಾ ಕಡಿಮೆ, ಲೀಗ್‌ನಲ್ಲಿ ಹೆಚ್ಚು, ಕಪ್‌ನಲ್ಲಿ ಇನ್ನೂ ಹೆಚ್ಚು. ಲೀಡರ್‌ಶಿಪ್ ಹುಟ್ಟಿನಿಂದ ಬಂದದ್ದು, ಬೆಳೆಸಲು ಆಗದು. ಕ್ಯಾಪ್ಟನ್ ಆಯ್ಕೆಗೆ ಎಕ್ಸ್‌ಪೀರಿಯನ್ಸ್ ಮತ್ತು ಲೀಡರ್‌ಶಿಪ್ ಎರಡನ್ನೂ ಸೇರಿಸಿ ನೋಡಿ.

ಲಾಯಲ್ಟಿ: ಪುಕ್ಕಟೆ ಸಿಗುವ ಮಟ್ಟ

ಒಂದೇ ಕ್ಲಬ್‌ನಲ್ಲಿ ಉಳಿದಂತೆ ಲಾಯಲ್ಟಿ ಏರುತ್ತದೆ. ಅದು ತುದಿ ಮುಟ್ಟಿದಾಗ ಸ್ಕಿಲ್‌ಗೆ ಒಂದು ಪೂರ್ತಿ ಮಟ್ಟ ಸೇರುತ್ತದೆ. ನಿಮ್ಮದೇ ಯೂತ್ ತಂಡದಿಂದ ಬಂದವನಾದರೆ ಅದರ ಮೇಲೆ ಇನ್ನೂ ಅರ್ಧ. ಅಂದರೆ ನಿಮ್ಮ ಮನೆಯ ಹುಡುಗನ ಪ್ಲೇಮೇಕಿಂಗ್ 9 ಎಂದಿದ್ದರೂ ಮೈದಾನದಲ್ಲಿ ಅವನು ಹತ್ತೂವರೆಯ ಹಾಗೆ ಆಡುತ್ತಾನೆ. ಅವನನ್ನು ಮಾರಿ ಹೊರಗಿನಿಂದ 10ರವನನ್ನು ತಂದರೆ ದುಡ್ಡೂ ಹೋಯಿತು, ಆಟವೂ ಹೋಯಿತು. ಏಕೆಂದರೆ ಹೊಸಬನ ಲಾಯಲ್ಟಿ ನಿಮ್ಮಲ್ಲಿ ತಳದಿಂದಲೇ ಶುರುವಾಗುತ್ತದೆ. ಈ ಒಂದೂವರೆ ಮಟ್ಟ ಸ್ಕಿಲ್ ಅಂಕಿಯಲ್ಲಿ ಕಾಣುವುದಿಲ್ಲ, ಅದಕ್ಕೇ ಜನ ಮರೆಯುತ್ತಾರೆ.

ಸ್ಪೆಷಾಲಿಟಿ ಮತ್ತು ಹವಾಮಾನ

ಕೆಲವು ಆಟಗಾರರಿಗೆ ಒಂದು ಸ್ಪೆಷಾಲಿಟಿ ಇರುತ್ತದೆ: ಟೆಕ್ನಿಕಲ್, ಕ್ವಿಕ್, ಪವರ್‌ಫುಲ್, ಅನ್‌ಪ್ರೆಡಿಕ್ಟಬಲ್, ಹೆಡ್ ಮುಂತಾದವು. ಬಿಸಿಲಿದ್ದರೆ ಟೆಕ್ನಿಕಲ್ ಆಟಗಾರನಿಗೆ ಲಾಭ, ಮಳೆಯಾದರೆ ನಷ್ಟ. ಪವರ್‌ಫುಲ್‌ಗೆ ಇದರ ಉಲ್ಟಾ. ಕ್ವಿಕ್‌ಗೆ ಮಳೆಯೂ ಆಗದು, ಸುಡು ಬಿಸಿಲೂ ಆಗದು. ಹೆಡ್ (ತಲೆಯಿಂದ ಚೆಂಡು ಹೊಡೆಯುವುದು) ಇದ್ದವನು ಕಾರ್ನರ್‌ನಲ್ಲಿ ಉಪಯೋಗಕ್ಕೆ ಬರುತ್ತಾನೆ. ಸ್ಪೆಷಾಲಿಟಿಯನ್ನೇ ನಂಬಿ ದುಡ್ಡು ಸುರಿಯಬೇಡಿ. ಸ್ಕಿಲ್ ಸಮ ಇದ್ದಾಗ ಮಾತ್ರ ಅದು ತಕ್ಕಡಿಯನ್ನು ಒಂದು ಕಡೆ ವಾಲಿಸಲಿ.

ತಂತ್ರ ಬದಲಾದರೆ ಬೆಲೆಯೂ ಬದಲು

ಕೌಂಟರ್ ಅಟ್ಯಾಕ್ ಆಡುವ ತಂಡಕ್ಕೆ ಡಿಫೆಂಡರ್‌ಗಳ ಪಾಸಿಂಗ್ ಪ್ರಾಣ. ಮಿಡ್‌ಫೀಲ್ಡ್ ಸೋತು, ಎದುರಾಳಿಯ ದಾಳಿ ತಡೆದು, ತಿರುಗಿ ಹೊಡೆಯುವ ಆಟ ಇದು. ಬೇರೆ ತಂಡದಲ್ಲಿ ಡಿಫೆಂಡರ್‌ನ ಪಾಸಿಂಗ್ 8 ಎಂದರೆ ಯಾರೂ ತಿರುಗಿ ನೋಡುವುದಿಲ್ಲ, ಇಲ್ಲಿ ಅವನಿಗಾಗಿ ಬಿಡ್ಡಿಂಗ್ ಜಗಳವೇ ನಡೆಯುತ್ತದೆ. ನಡುವಿನಿಂದ ದಾಳಿ, ವಿಂಗ್‌ನಿಂದ ದಾಳಿ ಎಂಬ ತಂತ್ರಗಳಿಗೆ ಮೈದಾನದ ಎಲ್ಲರ ಪಾಸಿಂಗ್ ಸೇರುತ್ತದೆ. ಎದುರಾಳಿಯ ಮೇಲೆ ಒತ್ತಡ ಹಾಕುವ ಪ್ರೆಸಿಂಗ್‌ಗೆ ಡಿಫೆಂಡಿಂಗ್ ಮತ್ತು ಸ್ಟ್ಯಾಮಿನಾ ಬೇಕು. ದೂರದಿಂದ ಹೊಡೆಯುವ ಲಾಂಗ್ ಶಾಟ್ಸ್‌ಗೆ ಸ್ಕೋರಿಂಗ್ ಮತ್ತು ಸೆಟ್ ಪೀಸಸ್.

ಅದಕ್ಕೇ ಮಾರುಕಟ್ಟೆಗೆ ಹೋಗುವ ಮೊದಲು ಯಾವ ತಂತ್ರ ಆಡುತ್ತೀರಿ ಎಂದು ತೀರ್ಮಾನ ಮಾಡಿಕೊಳ್ಳಿ. ಹುಡುಕುವಾಗ ಮುಖ್ಯ ಸ್ಕಿಲ್‌ಗೆ ಒಂದು ಮಿತಿ, ಎರಡನೆಯ ಸ್ಕಿಲ್‌ಗೆ ಒಂದು ಮಿತಿ ಹಾಕಿ. ಬರೀ ಮುಖ್ಯ ಸ್ಕಿಲ್ ಹಾಕಿ ಹುಡುಕಿದರೆ ಎಲ್ಲರೂ ನೋಡುವ ಪಟ್ಟಿಯೇ ನಿಮಗೂ ಬರುತ್ತದೆ, ಎಲ್ಲರೂ ಕೊಡುವ ಬೆಲೆಯನ್ನೇ ನೀವೂ ಕೊಡಬೇಕಾಗುತ್ತದೆ.

ಯಾವಾಗ ಮಾರುವುದು

ಇಪ್ಪತ್ತರ ದಶಕದ ಕೊನೆ ಬಂತೆಂದರೆ ಸ್ಕಿಲ್ ಇಳಿಯಲು ಶುರು. ಮೂವತ್ತು ದಾಟಿದ ಮೇಲೆ ಇಳಿಕೆ ಜೋರಾಗುತ್ತದೆ, ಅದರಲ್ಲೂ ತುಂಬಾ ಮೇಲಿನ ಮಟ್ಟದಲ್ಲಿರುವವರು ಬೇಗ ಕುಸಿಯುತ್ತಾರೆ. ಕೊಳ್ಳುವವರಿಗೂ ಇದು ಗೊತ್ತು. ಟ್ರೈನಿಂಗ್ ಕೊಟ್ಟು ಬೆಳೆಸಿದ ಹುಡುಗನನ್ನು ಇಪ್ಪತ್ತರ ಆಸುಪಾಸಿನಲ್ಲಿ ಮಾರಿದರೆ ಕೊಂಡವನಿಗೂ ಬೆಳೆಸಲು ಜಾಗ ಉಳಿದಿರುತ್ತದೆ, ಬೆಲೆಯೂ ಚೆನ್ನಾಗಿ ಬರುತ್ತದೆ.

ಮಾರುವ ದಿನವನ್ನೂ ಲೆಕ್ಕ ಹಾಕಿ. ಟ್ರೈನಿಂಗ್ ಫಲ ವಾರಕ್ಕೊಮ್ಮೆ, ದೇಶಕ್ಕೆ ತಕ್ಕ ಹಾಗೆ ಗುರುವಾರ ಅಥವಾ ಶುಕ್ರವಾರ ಬರುತ್ತದೆ. ಮಟ್ಟ ಏರುವ ಹೊಸ್ತಿಲಲ್ಲಿ ಇರುವವನನ್ನು ಅದಕ್ಕೆ ಮುಂಚೆ ಪಟ್ಟಿಗೆ ಹಾಕಬೇಡಿ. 7 ಎಂದು ಕಾಣುವ 7.9ಕ್ಕೆ 7ರ ಬೆಲೆಯೇ ಬರುತ್ತದೆ, ಎರಡು ದಿನ ಕಾದರೆ 8ರ ಬೆಲೆ. ಹರಾಜು ಮುಗಿಯುವ ಗಂಟೆ ಜನ ಹೆಚ್ಚು ಆನ್‌ಲೈನ್ ಇರುವ ಹೊತ್ತಿಗೆ ಬೀಳುವಂತೆ ನೋಡಿಕೊಳ್ಳಿ. ಕೊನೆಯ ಮೂರು ನಿಮಿಷದಲ್ಲಿ ಬಿಡ್ ಬಂದರೆ ಸಮಯ ಮತ್ತೆ ವಿಸ್ತರಿಸುತ್ತದೆ. ಹಾಗಾಗಿ ಆ ಹೊತ್ತಲ್ಲಿ ಪೈಪೋಟಿಗೆ ಇಬ್ಬರು ಎಚ್ಚರವಾಗಿದ್ದರೂ ಸಾಕು. ಬೆಳಗಿನ ಜಾವ ನಾಲ್ಕಕ್ಕೆ ಮುಗಿಯುವ ಹರಾಜಿನಲ್ಲಿ ಕೊಳ್ಳುವವರಾಗಿ ಕೂತಿರಿ, ಮಾರುವವರಾಗಿ ಬೇಡ.